ಬ್ಯಾಕ್‌ವರ್ಡ್ ಆಯ್ಲರ್ ಹಾಕಿದರೂ ಸ್ಟಿಫ್ ಸಮೀಕರಣದಲ್ಲಿ ಉತ್ತರ ಏಕೆ ಅನಂತಕ್ಕೆ ಓಡುತ್ತದೆ?

ಸ್ಟಿಫ್ ಅಂದರೆ ಕೆಲವು ಭಾಗ ಬಹಳ ಬೇಗ, ಉಳಿದದ್ದು ನಿಧಾನವಾಗಿ ಬದಲಾಗುವ ಅವಕಲನ ಸಮೀಕರಣ. ಬ್ಯಾಕ್‌ವರ್ಡ್ ಆಯ್ಲರ್ ಮುಂದಿನ ಬೆಲೆಯನ್ನು ಆ ಮುಂದಿನ ಬಿಂದುವಿನ ಇಳಿಜಾರಿನಿಂದಲೇ ಲೆಕ್ಕ ಹಾಕುತ್ತದೆ, ಹಾಗಾಗಿ ಗೊತ್ತಿಲ್ಲದ ಬೆಲೆ ಸಮೀಕರಣದ ಎರಡೂ ಕಡೆ ಇರುತ್ತದೆ (ಇದಕ್ಕೇ ಇಂಪ್ಲಿಸಿಟ್ ವಿಧಾನ ಅನ್ನುವುದು). ನೀವು ಬರೆದಿರುವ ಪ್ರಕಾರ, ಪ್ರತಿ ಹೆಜ್ಜೆಯಲ್ಲೂ ಸಿಕ್ಕ ಬೆಲೆಯನ್ನೇ ಮತ್ತೆ ಬಲಭಾಗಕ್ಕೆ ಹಾಕಿ ಹಾಕಿ ಬಿಡಿಸುತ್ತಿದ್ದೀರಿ. ಎಡವಟ್ಟು ಅಲ್ಲೇ ಇದೆ. ಬ್ಯಾಕ್‌ವರ್ಡ್ ಆಯ್ಲರ್ ಪಾಪ ಏನೂ ಮಾಡಿಲ್ಲ.

ವೈ′ = −1000 (ವೈ − ಕಾಸ್ ಟಿ) ತೆಗೆದುಕೊಳ್ಳಿ, ಹೆಜ್ಜೆ 0.01 ಇರಲಿ. ಪ್ರತಿ ಸುತ್ತಿನಲ್ಲೂ ದೋಷಕ್ಕೆ −1000 × 0.01, ಅಂದರೆ −10ರ ಗುಣಾಕಾರ ಬೀಳುತ್ತದೆ. ಮೊದಲ ಊಹೆ 0.001 ತಪ್ಪಿದ್ದರೆ ಮುಂದೆ −0.01, 0.1, −1. ಇದು ಒಮ್ಮುಖವಾಗಬೇಕಾದರೆ ಹೆಜ್ಜೆ 0.001ಕ್ಕಿಂತ ಕಿರಿದಾಗಬೇಕು. ಈಗಿನ ಬಿಂದುವಿನ ಇಳಿಜಾರನ್ನಷ್ಟೇ ಬಳಸುವ ಸಾದಾ ಫಾರ್ವರ್ಡ್ ಆಯ್ಲರೇ 0.002ರ ತನಕ ತಡೆಯುತ್ತದೆ. ಇಷ್ಟಕ್ಕೆ ಇಂಪ್ಲಿಸಿಟ್ ವಿಧಾನ ಯಾಕೆ ಬೇಕು?

ಬದಲಿಗೆ ನ್ಯೂಟನ್ ವಿಧಾನ ಹಾಕಿ, ಅಂದರೆ ಇಳಿಜಾರು ನೋಡಿ ಪ್ರತಿ ಸುತ್ತಿನಲ್ಲೂ ಊಹೆಯನ್ನು ತಿದ್ದಿ. ಈ ಸಮೀಕರಣ ರೇಖೀಯವಾದ್ದರಿಂದ ಒಂದೇ ಸುತ್ತಿಗೆ ಮುಗಿಯುತ್ತದೆ. ಹಲವು ಚರಗಳಿದ್ದರೆ ಜೇಕೋಬಿಯನ್ನನ್ನು (ಬಲಭಾಗದ ಆಂಶಿಕ ಅವಕಲನಗಳ ಮ್ಯಾಟ್ರಿಕ್ಸ್) ಹೆಜ್ಜೆಯಿಂದ ಗುಣಿಸಿ ಏಕಮಾನ ಮ್ಯಾಟ್ರಿಕ್ಸ್‌ನಿಂದ ಕಳೆಯಿರಿ, ಒಮ್ಮೆ ಎಲ್‌ಯು ವಿಭಜನೆ (ಮ್ಯಾಟ್ರಿಕ್ಸನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯುವುದು) ಮಾಡಿಟ್ಟುಕೊಂಡು ಅದನ್ನೇ ಹಲವು ಸುತ್ತು, ಹಲವು ಹೆಜ್ಜೆ ಬಳಸಿ. ಜೇಕೋಬಿಯನ್ ಸ್ವಲ್ಪ ಹಳತಾದರೂ ನಡೆಯುತ್ತದೆ.

ಆದರೆ ಹೆಜ್ಜೆ ಬದಲಾದಾಗ ಹಳೇ ಎಲ್‌ಯು ಇಟ್ಟುಕೊಳ್ಳಬೇಡಿ. ಕೋಡ್‌ನಲ್ಲಿ ನಾನು ಮೊದಲು ಹುಡುಕುವ ತಪ್ಪೇ ಇದು. ಮೇಲಿನ ಉದಾಹರಣೆಯಲ್ಲಿ 0.01ರಿಂದ 0.02ಕ್ಕೆ ಹೋದರೆ ಬಳಸಬೇಕಾದ್ದು 1 + 1000 × 0.02 = 21, ನಿಮ್ಮ ಕೈಯಲ್ಲಿರುವುದು 1 + 1000 × 0.01 = 11. ದೋಷ ಪ್ರತಿ ಸುತ್ತಿಗೆ 1 − 21/11, ಅಂದರೆ −0.91 ಪಟ್ಟು: ಚಿಹ್ನೆ ಅತ್ತಿತ್ತ ಬದಲಾಗುತ್ತ ಶೇ 9ರಷ್ಟೇ ಇಳಿಯುತ್ತದೆ. ಉತ್ತರ ತಪ್ಪಾಗುವುದಿಲ್ಲ, ತೆವಳುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಎಲ್ಲಿ ನಿಲ್ಲಿಸುವುದು? ಅಕ್ಕಪಕ್ಕದ ಎರಡು ತಿದ್ದುಪಡಿಗಳ ಅನುಪಾತ ನೋಡಿ. ಅದು 0.2 ಇದ್ದರೆ ಉಳಿದ ದೋಷ ಕೊನೆಯ ತಿದ್ದುಪಡಿಯ ಕಾಲು ಭಾಗ. 1 ದಾಟಿದರೆ ಸುತ್ತು ಮುಂದುವರಿಸಬೇಡಿ. ಜೇಕೋಬಿಯನ್ ಹೊಸದಾಗಿ ಲೆಕ್ಕ ಹಾಕಿ, ಆಗಲೂ ಬಗ್ಗದಿದ್ದರೆ ಹೆಜ್ಜೆ ಅರ್ಧ ಮಾಡಿ. ಪೈಥಾನ್‌ನ ಗಣಿತ ಲೈಬ್ರರಿ ಸೈಪೈನಲ್ಲಿರುವ ಸ್ಟಿಫ್ ಪರಿಹಾರಕಗಳಲ್ಲಿ ಬಿಡಿಎಫ್ 4 ಸುತ್ತಿಗೆ, ರಾಡೌ 6ಕ್ಕೆ ಕೈಬಿಡುತ್ತದೆ. ನೂರು ಸುತ್ತು ಕೊಟ್ಟು ಕಾಯುವುದು ದಂಡ.

ನಿಮ್ಮದು ರಾಸಾಯನಿಕ ಕ್ರಿಯೆಗಳ ವ್ಯವಸ್ಥೆಯಾದರೆ ಟಾಲರೆನ್ಸ್ (ಎಷ್ಟು ದೋಷ ಸಹಿಸಬಹುದೆಂಬ ಮಿತಿ) ಕೂಡ ನೋಡಿ. ಸ್ಟಿಫ್ ಪರಿಹಾರಕಗಳನ್ನು ಪರೀಕ್ಷಿಸಲು ಬಳಸುವ ಮೂರು ಘಟಕಗಳ ರಾಬರ್ಟ್‌ಸನ್ ಸಮಸ್ಯೆಯ ದರಗಳು 0.04, 10⁴, 3 × 10⁷. ಅದರ ಎರಡನೇ ಘಟಕ 0.00004 ಕೂಡ ಮುಟ್ಟುವುದಿಲ್ಲ. ಎಲ್ಲಕ್ಕೂ ಒಂದೇ ಟಾಲರೆನ್ಸ್ 0.0001 ಕೊಟ್ಟರೆ ಆ ಘಟಕದ ಮೇಲೆ ಹಿಡಿತವೇ ಇಲ್ಲದಂತಾಗಿ ಅದು ಋಣಾತ್ಮಕಕ್ಕೆ ಜಾರಬಹುದು, ಆಮೇಲೆ ಪರಿಹಾರವೇ ಸಿಡಿಯಬಹುದು. ಅದಕ್ಕೆ ಪ್ರತ್ಯೇಕವಾಗಿ 10⁻¹⁰ರ ಆಸುಪಾಸಿನದು ಕೊಡಿ.