ಠರಾವು ಅಂದ್ರೆ ಆದೇಶ ಅಲ್ಲ, ತಮ್ಮಾ

ತಮ್ಮಾ,

ಜಮಖಂಡಿಯಿಂದ ನೀನು ಕಳಿಸಿದ ‘ವಿಶ್ವದ ಸಂಸತ್ತು’ ಲೇಖನ ಸಿಕ್ಕಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಬಗ್ಗೆ ನಮ್ಮ ಕಡೆಯ ಹುಡುಗರು ಬರೆಯೋದೇ ಅಪರೂಪ. 1953ರಲ್ಲಿ ವಿಜಯಲಕ್ಷ್ಮಿ ಪಂಡಿತ್ ಅದರ ಅಧ್ಯಕ್ಷೆಯಾದ ಪ್ಯಾರಾ ಚೆನ್ನಾಗಿದೆ. ಆಯ್ತು, ಹೊಗಳಿದ್ದು ಮುಗೀತು.

ಈಗ ಜಗಳಕ್ಕೆ ಬರೋಣ. ಎರಡನೇ ಪುಟದಲ್ಲಿ ಬರೆದಿದ್ದೀಯ: “2022ರ ಮಾರ್ಚ್ 2ರಂದು ಸಾಮಾನ್ಯ ಸಭೆಯು ಉಕ್ರೇನ್‌ನಿಂದ ಸೇನೆ ಹಿಂಪಡೆಯುವಂತೆ ರಷ್ಯಾಕ್ಕೆ ಆದೇಶಿಸಿತು.” ಆದೇಶಿಸಿತಾ? ಹಾಗಾದರೆ ಸೇನೆ ವಾಪಸ್ ಹೋಯ್ತಾ? ಆಗ್ರಹಿಸಿತು ಅನ್ನು. ಎಷ್ಟೇ ಜೋರಾಗಿ ಕೇಳಿದರೂ ಬೇರೆ ದೇಶದ ಮೇಲೆ ಆ ಸಭೆಯ ಮಾತು ಶಿಫಾರಸು ಅಷ್ಟೇ. ಕಡ್ಡಾಯ ಮಾಡುವ ಅಧಿಕಾರ ಇರೋದು 15 ಸದಸ್ಯರ ಭದ್ರತಾ ಮಂಡಳಿಗೆ, ಅಲ್ಲಿ ಕೆಲವೇ ದಿನ ಮೊದಲು ರಷ್ಯಾ ತಾನೇ ವೀಟೊ ಹಾಕಿ, ಅಂದರೆ ತನ್ನೊಂದು ಮತದಿಂದಲೇ, ತಡೆದಿತ್ತು, ಅದಕ್ಕೇ ವಿಷಯ ಸಾಮಾನ್ಯ ಸಭೆಗೆ ಬಂತು. ಈ ಕಥೆನೇ ನಿನ್ನ ಲೇಖನದಲ್ಲಿ ಇಲ್ಲ! ಆ ಸಭೆಯ ಮಾತು ನಿಜಕ್ಕೂ ನಡೆಯೋದು ಮನೆಯೊಳಗಿನ ವಿಷಯದಲ್ಲಿ: ಬಜೆಟ್, ಯಾವ ದೇಶ ಎಷ್ಟು ವಂತಿಗೆ ಕೊಡಬೇಕು, ಇಂಥದ್ದು.

‘ಆದೇಶ’ಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾ ಹೋದೆ. ಏಳು ಕಡೆ. ನನಗೆ ಯಾಕೆ ಇಷ್ಟು ಸಿಟ್ಟು ಅಂದರೆ, ಇದೇ ತಪ್ಪು ನಾನೂ ಮಾಡಿದ್ದೆ. ವಿಜಯಪುರದಲ್ಲಿ ಒಂದು ಸಣ್ಣ ಪತ್ರಿಕೆಗೆ ಸೇರಿ ಎರಡು ತಿಂಗಳಾಗಿತ್ತು. ಬಿರು ಬೇಸಿಗೆ. ಹಳ್ಳಿಯೊಂದರ ಗ್ರಾಮಸಭೆಯಲ್ಲಿ ಟ್ಯಾಂಕರ್ ನೀರು ಬೇಕು ಅಂತ ಎಲ್ಲರೂ ಕೈ ಎತ್ತಿ ಠರಾವು ಪಾಸು ಮಾಡಿದರು. ನಾನು ‘ಟ್ಯಾಂಕರ್ ನೀರಿಗೆ ಆದೇಶ’ ಅಂತ ಬರೆದೆ. ಮರುದಿನ ನಸುಕಿನಲ್ಲೇ ಹೆಂಗಸರು ಕೊಡ ಸಾಲಿಟ್ಟು ಕೂತಿದ್ದಾರೆ, ಟ್ಯಾಂಕರ್ ಎಲ್ಲಿ ಬರಬೇಕು? ಮಧ್ಯಾಹ್ನ ಒಬ್ಬ ಮುದುಕಿ ಬಸ್ ಹತ್ತಿ ನಮ್ಮ ಆಫೀಸಿಗೇ ಬಂದಳು, ಕಂಕುಳಲ್ಲಿ ಖಾಲಿ ಕೊಡ. “ಆದೇಶ ಆಗ್ಯಾದ ಅಂತ ಬರ್ದೀಯಲ್ಲೋ ಯಪ್ಪಾ, ನೀರ ಎಲ್ಲಿ ಅದ?” ಸಂಪಾದಕರು ಒಂದು ಮಾತೂ ಆಡಲಿಲ್ಲ. ಫಿಲ್ಟರಿನ ನೀರು ಬಗ್ಗಿಸಿ ಆಕೆಯ ಕೊಡ ತುಂಬಿಸು ಅಂತ ಕಣ್ಣಲ್ಲೇ ಹೇಳಿದರು. ಅರ್ಧ ಕೊಡಕ್ಕೆ ಫಿಲ್ಟರ್ ಖಾಲಿ.

ಅವತ್ತಿನಿಂದ ನಾನು ‘ನಿರ್ಣಯ’ ಅನ್ನೋ ಪದವನ್ನೂ ನಂಬಲ್ಲ, ಕೇಳಿದವರಿಗೆ ತೀರ್ಪು ಬಂದಂತೆ ಅನಿಸುತ್ತೆ. ನಮ್ಮ ಕಡೆ ಠರಾವು ಅಂತೀವಲ್ಲ, ಅದನ್ನೇ ಬಳಸು. ಠರಾವು ಪಾಸಾಗೋದು ಬೇರೆ, ಕೆಲಸ ಆಗೋದು ಬೇರೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಇನ್ನೊಂದು ಸಾಲು: “ಪಾಸಾಗಲು 193 ಸದಸ್ಯ ದೇಶಗಳಲ್ಲಿ ಮೂರನೇ ಎರಡರಷ್ಟು, ಅಂದರೆ 129 ಮತ ಬೇಕು.” ತಪ್ಪು. ಮೊದಲನೆಯದಾಗಿ ಮೂರನೇ ಎರಡು ಬೇಕಾಗೋದು ಶಾಂತಿ, ಹೊಸ ಸದಸ್ಯರು, ಬಜೆಟ್‌ನಂಥ ಮುಖ್ಯ ವಿಷಯಕ್ಕೆ ಮಾತ್ರ, ಉಳಿದದ್ದಕ್ಕೆ ಸರಳ ಬಹುಮತ ಸಾಕು. ಎರಡನೆಯದು, ಲೆಕ್ಕಕ್ಕೆ ಬರೋದು ಪರ ಅಥವಾ ವಿರೋಧ ಮತ ಹಾಕಿದವರು. ಅದೇ ಮಾರ್ಚ್ 2ನ್ನೇ ನೋಡು: ಪರ 141, ವಿರೋಧ 5, ತಟಸ್ಥ 35. ತಟಸ್ಥರಲ್ಲಿ ನಾವೂ ಇದ್ದೆವು. ತಟಸ್ಥರನ್ನು ಬಿಟ್ಟರೆ ಮತ ಹಾಕಿದ್ದು 146 ದೇಶ, 98 ಬಿದ್ದಿದ್ದರೂ ಸಾಕಿತ್ತು.

‘ಸಂಸತ್ತು’ ಅನ್ನೋ ಶೀರ್ಷಿಕೆಯನ್ನಂತೂ ತೆಗೆದುಬಿಡು. ಅಲ್ಲಿ ಕೂರುವವರನ್ನು ಯಾರೂ ಓಟು ಹಾಕಿ ಕಳಿಸಿಲ್ಲ, ಒಂದೊಂದು ಸರ್ಕಾರ ಹೆಚ್ಚೆಂದರೆ 5 ಪ್ರತಿನಿಧಿಗಳನ್ನು ಕಳಿಸುತ್ತೆ. ಐದು ಜನ ಕೂತರೂ ಮತ ಒಂದೇ. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಯಷ್ಟು ಜನ ಇರುವ ನೌರು ದೇಶಕ್ಕೂ ಒಂದು, 140 ಕೋಟಿ ದಾಟಿದ ಭಾರತಕ್ಕೂ ಒಂದು.

ನಾಲ್ಕನೇ ಪುಟದಿಂದ ಮುಂದೆ ನಾನು ಓದಿಲ್ಲ. ಇಷ್ಟು ತಿದ್ದಿ ಕಳಿಸು, ಓದ್ತೀನಿ.