ಲಕ್ಷ ಜನರ ಅಧ್ಯಯನವೂ ತಪ್ಪು ಉತ್ತರ ಕೊಡುವುದು ಹೇಗೆ?

ಹಾರ್ಮೋನ್ ಮಾತ್ರೆಯ ವಿಷಯದಲ್ಲಿ, ಲಕ್ಷಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವನ್ನು ಬದಿಗಿಟ್ಟು, ಹದಿನಾರು ಸಾವಿರ ಮಂದಿಯ ಪ್ರಯೋಗವನ್ನು ವೈದ್ಯರು ಹೆಚ್ಚು ನಂಬುವುದೇಕೆ ಎಂದು ಕೇಳಿದ್ದೀರಿ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ.

ಜನರ ಸಂಖ್ಯೆ ಹೆಚ್ಚಿದಷ್ಟೂ ಆಕಸ್ಮಿಕದಿಂದಾಗುವ ಏರುಪೇರು ತಗ್ಗುತ್ತದೆಯೇ ಹೊರತು ಹೋಲಿಕೆಯೊಳಗೇ ಅಡಗಿರುವ ಓರೆ ತಗ್ಗುವುದಿಲ್ಲ. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿದ್ದರೆ ಸಾವಿರ ಸಲ ತೂಗಿದರೂ ಬರುವುದು ಅದೇ ತಪ್ಪು ತೂಕ. ಇಂಗ್ಲಿಷಿನಲ್ಲಿ ಬಯಾಸ್ ಎನ್ನುವ ಈ ಓರೆಯನ್ನು ಕೆಲವರು ಪಕ್ಷಪಾತ ಎಂದು ಅನುವಾದಿಸುತ್ತಾರೆ. ನನಗೆ ಆ ಪದ ಒಪ್ಪಿಗೆಯಾಗದು, ಏಕೆಂದರೆ ಸಂಶೋಧಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಓರೆ ನುಸುಳಬಲ್ಲದು.

ಇದಕ್ಕೆ ನಾನು ಯಾವಾಗಲೂ ಕೊಡುವ ನಿದರ್ಶನ ಋತುಬಂಧದ ನಂತರದ ಹಾರ್ಮೋನ್ ಚಿಕಿತ್ಸೆಯದು. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ನರ್ಸಸ್ ಹೆಲ್ತ್ ಸ್ಟಡಿ 1,21,700 ನರ್ಸುಗಳಿಗೆ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ಕಳುಹಿಸಿ ಅವರ ಆರೋಗ್ಯವನ್ನು ದಾಖಲಿಸುತ್ತ ಬಂದಿತು. ಇದೂ, ಹೀಗೆ ಒಂದು ಗುಂಪಿನ ಜನರನ್ನು ವರ್ಷಗಟ್ಟಲೆ ಸುಮ್ಮನೆ ಗಮನಿಸುತ್ತ ಹೋಗುವ ಇತರ ಕೋಹಾರ್ಟ್ ಅಧ್ಯಯನಗಳೂ, ಹಾರ್ಮೋನ್ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಹೃದ್ರೋಗ ಶೇ 40ರಿಂದ 50ರಷ್ಟು ಕಡಿಮೆ ಎಂಬ ಚಿತ್ರವನ್ನು ಕೊಟ್ಟವು. ಆದರೆ 16,608 ಮಹಿಳೆಯರಲ್ಲಿ ಯಾರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ, ಯಾರಿಗೆ ಔಷಧವಿಲ್ಲದ ಪ್ಲಸೀಬೊ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಪ್ರಯೋಗವನ್ನು, ಸರಾಸರಿ 5.2 ವರ್ಷಗಳ ನಂತರ, 2002ರ ಜುಲೈಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಮಾತ್ರೆ ಪಡೆದ ಪ್ರತಿ 10,000 ಮಹಿಳೆಯರಲ್ಲಿ ವರ್ಷಕ್ಕೆ ಹೃದಯಾಘಾತದಂಥ ಘಟನೆಗಳು 7, ಪಾರ್ಶ್ವವಾಯು 8, ಸ್ತನ ಕ್ಯಾನ್ಸರ್ 8 ಹೆಚ್ಚಾಗಿದ್ದವು; ದೊಡ್ಡ ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿದ್ದವು. (ಹೃದ್ರೋಗದ ಈ ಹೆಚ್ಚಳವನ್ನೇ ಶೇ 29 ಎಂದು ಹೇಳಿದರೆ ಕೇಳುವವರ ಎದೆ ಝಲ್ಲೆನ್ನುತ್ತದೆ; ಆದ್ದರಿಂದ ನಾನು ಮೊದಲು ಎಣಿಕೆಯನ್ನೇ ನೋಡುತ್ತೇನೆ.)

ಹಾಗಿದ್ದರೆ ನರ್ಸುಗಳ ಅಧ್ಯಯನದಲ್ಲಿ ಓರೆ ಎಲ್ಲಿತ್ತು? ಆ ಕಾಲದಲ್ಲಿ ತಾವಾಗಿಯೇ ಹಾರ್ಮೋನ್ ಸೇವಿಸುತ್ತಿದ್ದವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ವ್ಯಾಯಾಮ ಮಾಡುವವರು, ವೈದ್ಯರ ಬಳಿಗೆ ನಿಯಮಿತವಾಗಿ ಹೋಗುವವರು. ಇವುಗಳಲ್ಲಿ ಅಳೆಯಬಹುದಾದುದನ್ನು ಲೆಕ್ಕದಲ್ಲಿ ಸರಿದೂಗಿಸಬಹುದು, ಆದರೆ ಆರೋಗ್ಯದ ಬಗೆಗಿನ ಕಾಳಜಿಯನ್ನು ಅಳೆಯುವ ಮಾಪಕ ನಮ್ಮ ಬಳಿ ಇಲ್ಲ. ಆ ಕಾಳಜಿ ಎಷ್ಟು ಬಲವಾದದ್ದೆಂಬುದಕ್ಕೆ, ಒಮ್ಮೆ ಹೃದಯಾಘಾತವಾದ ಪುರುಷರ ಮೇಲೆ ನಡೆದು 1980ರಲ್ಲಿ ಪ್ರಕಟವಾದ ಕೊರೊನರಿ ಡ್ರಗ್ ಪ್ರಾಜೆಕ್ಟಿನ ವಿಶ್ಲೇಷಣೆ ಸಾಕ್ಷಿ. ಅಲ್ಲಿ ಪ್ಲಸೀಬೊವನ್ನು ಶೇ 80ಕ್ಕೂ ಹೆಚ್ಚು ನಿಷ್ಠೆಯಿಂದ ನುಂಗಿದವರಲ್ಲಿ ಐದು ವರ್ಷಗಳಲ್ಲಿ ಸತ್ತವರು ಶೇ 15.1, ಅದೇ ಪ್ಲಸೀಬೊವನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ಶೇ 28.2. ಔಷಧವೇ ಇಲ್ಲದ ಗುಳಿಗೆ ಜೀವ ಉಳಿಸಲಾರದು. ಗುಳಿಗೆಯನ್ನು ತಪ್ಪದೆ ನುಂಗುವ ಮನುಷ್ಯನೇ ಬೇರೆ ಬಗೆಯವನಾಗಿದ್ದ. ಚೀಟಿ ಎತ್ತುವ ಪದ್ಧತಿಯ ಬಲ ಇರುವುದು ಇಲ್ಲಿಯೇ: ನಾವು ಅಳೆಯಲಾರದ, ಊಹಿಸಲೂ ಆಗದ ವ್ಯತ್ಯಾಸಗಳು ಸಹ ಎರಡೂ ಗುಂಪುಗಳಿಗೆ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ಹೋಲಿಕೆಯ ಗುಂಪನ್ನು ಆರಿಸುವಲ್ಲಿಯೂ ಇದೇ ಬಗೆಯ ಎಡವಟ್ಟಾಗುತ್ತದೆ. 1981ರಲ್ಲಿ ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆ ಎಂದದ್ದು ಒಂದು ಕೇಸ್-ಕಂಟ್ರೋಲ್ ಅಧ್ಯಯನ, ಅಂದರೆ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ ಹಿಂದಿನ ಅಭ್ಯಾಸ ಕೇಳುವಂಥದ್ದು. ಅದರಲ್ಲಿ, ಹೋಲಿಕೆಗೆಂದು ತೆಗೆದುಕೊಂಡವರಲ್ಲಿ ಹಲವರು ಹೊಟ್ಟೆ-ಕರುಳಿನ ತೊಂದರೆಯಿಂದ ಆಸ್ಪತ್ರೆ ಸೇರಿದ್ದವರು. ಅಂಥವರು ಮೊದಲೇ ಕಾಫಿ ಕಡಿಮೆ ಮಾಡಿರುತ್ತಾರಲ್ಲವೇ? ಅವರ ಪಕ್ಕದಲ್ಲಿಟ್ಟು ನೋಡಿದರೆ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಫಿ ಕುಡಿದವರಂತೆ ಕಾಣುತ್ತಾರೆ.

ಮತ್ತೆ ಹಾರ್ಮೋನಿಗೆ ಬರುತ್ತೇನೆ, ಏಕೆಂದರೆ ಎರಡನೆಯ ಓರೆ ಇನ್ನೂ ಸೂಕ್ಷ್ಮವಾದದ್ದು. ಎರಡು ವರ್ಷಕ್ಕೊಮ್ಮೆ ಬರುವ ಪ್ರಶ್ನಾವಳಿಯಲ್ಲಿ "ಈಗ ಮಾತ್ರೆ ಸೇವಿಸುತ್ತಿದ್ದೇನೆ" ಎಂದು ಬರೆಯುವವರು, ಆರಂಭದ ತಿಂಗಳುಗಳನ್ನು ತೊಂದರೆಯಿಲ್ಲದೆ ದಾಟಿ ಬಂದವರು. ಶುರು ಮಾಡಿದ ಕೂಡಲೇ ಹೃದಯಾಘಾತವಾಗಿ ತೀರಿಕೊಂಡವರು ಅಥವಾ ಮಾತ್ರೆ ನಿಲ್ಲಿಸಿದವರು ಆ ಲೆಕ್ಕಕ್ಕೆ ಸೇರದೇ ಹೋಗಬಹುದು. 2008ರಲ್ಲಿ ಸಂಶೋಧಕ ಹರ್ನಾನ್ ಮತ್ತು ಸಂಗಡಿಗರು ಅದೇ ನರ್ಸುಗಳ ಮಾಹಿತಿಯನ್ನು, ಮಾತ್ರೆ ಆರಂಭಿಸಿದ ದಿನದಿಂದಲೇ ಎಣಿಕೆ ತೊಡಗುವಂತೆ, ಒಂದು ಪ್ರಯೋಗವೋ ಎಂಬಂತೆ ಮರುಜೋಡಿಸಿದಾಗ ಮೊದಲ ಎರಡು ವರ್ಷಗಳಲ್ಲಿ ಅಪಾಯ ಏರಿದ್ದು ಕಂಡಿತು. ಪ್ರಯೋಗದಲ್ಲಿ ಕಂಡದ್ದಕ್ಕೆ ಅದು ಹತ್ತಿರವಾಗಿತ್ತು. ಮಾಹಿತಿಯಲ್ಲಿ ದೋಷವಿರಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆ ಓರೆಯಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಪ್ರಯೋಗದ ಮಾತೇ ಕೊನೆಯ ಮಾತು ಎಂದು ತಿಳಿಯಬೇಡಿ. 2002ರ ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಅವರಲ್ಲಿ ಬಹಳಷ್ಟು ಮಂದಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಆದರೆ ಊರಿನಲ್ಲಿ ಈ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವವರು ಮೈ ಬಿಸಿಯೇರಿ ಬೆವರುತ್ತ, ನಿದ್ದೆಗೆಟ್ಟ ಐವತ್ತರ ಆಸುಪಾಸಿನ ಮಹಿಳೆಯರು. ಹೃದ್ರೋಗ ತಡೆಯಲೆಂದು ಈ ಚಿಕಿತ್ಸೆ ಬೇಡ ಎಂಬುದು ಆ ಪ್ರಯೋಗದಿಂದ ತಿಳಿಯುತ್ತದೆ. ಇವರ ಬೆವರಿಗೆ, ನಿದ್ದೆಗೆ ಸ್ವಲ್ಪ ಕಾಲ ಕೊಡಬಹುದೇ ಎಂಬುದನ್ನು ಅವರವರ ವಯಸ್ಸು ಮತ್ತು ಕಾಯಿಲೆಯ ಇತಿಹಾಸ ನೋಡಿ ವೈದ್ಯರು ಬೇರೆಯಾಗಿಯೇ ತೀರ್ಮಾನಿಸುತ್ತಾರೆ.