ಬಂದರಿನ ಕಸ ಹಿಡಿಯುವ ಸ್ವಯಂಚಾಲಿತ ರೋಬೋ ದೋಣಿ ಹಾಸನದ ಕೆರೆಗೆ ಆಗುತ್ತದೆಯೇ?

ಪ್ಲಾಸ್ಟಿಕ್ ಬಾಟಲಿ, ಕವರ್‌ಗೆ ಆಗುತ್ತದೆ. ನೀರಿನ ಮೇಲೆ ತೇಲುವ ಕಳೆಯಾದ ಅಂತರಗಂಗೆಗೆ ಆಗುವುದಿಲ್ಲ.

ಈ ದೋಣಿಗಳು ಜಿಪಿಎಸ್ ಗೆರೆ ಹಿಡಿದು ಓಡಾಡುತ್ತಾ, ಎರಡು ತೇಲುಬುಡಗಳ ನಡುವಿನ ಬುಟ್ಟಿಗೆ ಕಸ ತುಂಬಿಕೊಳ್ಳುತ್ತವೆ. ಅಂತರಗಂಗೆಯ ಬೇರು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ನಿಲ್ಲುತ್ತದೆ. ಪ್ರೊಪೆಲ್ಲರಿಗೆ ಜಾಲರಿ ಕಟ್ಟಿದರೂ ಬೇರು ಆ ಜಾಲರಿಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೊದಲು ಕಳೆ ತೆಗೆಸಿ, ಆಮೇಲೆ ರೋಬೋ ಇಳಿಸಿ. ಕಳೆಯಿರುವಾಗಲೇ ದೋಣಿ ಕೊಳ್ಳುವುದು ದುಡ್ಡು ನೀರಿಗೆ ಹಾಕಿದಂತೆ, ಅಕ್ಷರಶಃ.

ಉಪ್ಪುನೀರಿಗೆಂದು ಮಾಡಿದ ದೋಣಿಗೆ ತುಕ್ಕು ತಡೆಯಲು ಸತುವಿನ ತುಂಡು ಕಟ್ಟಿರುತ್ತಾರೆ. ಸಿಹಿನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡದು, ಮೆಗ್ನೀಸಿಯಂ ಹಾಕಿಸಿ. ಸಿಹಿನೀರಿನ ಸಾಂದ್ರತೆ ಸುಮಾರು 2.5% ಕಡಿಮೆ; ದೋಣಿ ತುಸು ಹೆಚ್ಚು ಮುಳುಗುತ್ತದೆ, ಪೂರ್ತಿ ಭಾರ ಹೇರಬೇಡಿ.

ಹೆಚ್ಚಿನವರು ಎಡವುವುದು ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ದೋಣಿಗೆ ಕಟ್ಟುವ ಸೆನ್ಸರ್‌ನಲ್ಲಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ಸಿಹಿನೀರು ಲೀಟರಿಗೆ 8.3 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ 7.3ರ ಆಸುಪಾಸು. ಮಂಗಳೂರಿನಲ್ಲಿ ಮಾಡಿದ ಕ್ಯಾಲಿಬ್ರೇಶನ್ (ಸೆನ್ಸರ್‌ನ ಅಳತೆ ಸರಿಹೊಂದಿಸುವುದು) ಹಾಗೇ ಬಿಟ್ಟರೆ ಅಳತೆ ತಪ್ಪುತ್ತದೆ. ಇಲ್ಲಿನ ಗಾಳಿಯ ಒತ್ತಡ ಕೊಟ್ಟು, ಉಪ್ಪಿನಂಶ ಸೊನ್ನೆಗೆ ಇಟ್ಟು ಮತ್ತೆ ಮಾಡಿ. ಪಾಚಿ ಕಟ್ಟುವ ಸೆನ್ಸರ್ ತುದಿಯನ್ನು ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಓದಬೇಕಾದದ್ದು ಬೆಳಗಿನ ಜಾವದ ಅಂಕಿ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆಮ್ಲಜನಕ ಆಗ ತೀರ ತಗ್ಗಿರುತ್ತದೆ. ಲೀಟರಿಗೆ 2 ಮಿ.ಗ್ರಾಂಗಿಂತ ಇಳಿದರೆ ಮೀನು ಸಾಯತೊಡಗಬಹುದು.

ಸಕಲೇಶಪುರದ ಕೆಂಪುಹೊಳೆಯಂಥ ಕಡೆ ಮಳೆಗಾಲದಲ್ಲಿ ಇದನ್ನು ಇಳಿಸಲೇಬೇಡಿ, ಸೆಳೆತಕ್ಕೆ ನಿಲ್ಲದು. ಅಲ್ಲಿನ ಕಸ ಕುಮಾರಧಾರಾ, ನೇತ್ರಾವತಿ ಹಿಡಿದು ಮಂಗಳೂರಿನ ಕಡಲು ಸೇರುತ್ತದೆ; ಅದಕ್ಕೆ ಸೇತುವೆ ಬಳಿ ಅಡ್ಡ ಕಟ್ಟುವ ತೇಲುಬೇಲಿಯೇ ಅಗ್ಗ.